ಕೊಡಗಿನ ಹಿತ್ತಲಲ್ಲಿ ನಾಯಿಗೊಂದು ಓಡಾಟದ ಅಂಗಳ: ಮಳೆಗೂ ಚಿರತೆಗೂ ಜಗ್ಗದ ಹಾಗೆ ಕಟ್ಟುವುದು ಹೇಗೆ?

ಒಂದು ಸಂಜೆ ನಮ್ಮ ನಾಯಿ ಕೆಂಚ ತೋಟದಿಂದ ವಾಪಸ್ ಬರಲಿಲ್ಲ. ರಾತ್ರಿ ಟಾರ್ಚ್ ಹಿಡಿದು ಹುಡುಕಿದೆವು. ಕಾಡುಹಂದಿಗೆಂದು ಯಾರೋ ಬೇಲಿ ಪಕ್ಕ ಇಟ್ಟಿದ್ದ ತಂತಿ ಉರುಳಿಗೆ ಅವನ ಸೊಂಟ ಸಿಕ್ಕಿಕೊಂಡಿತ್ತು. ಬದುಕಿಕೊಂಡ. ಆದರೆ ಗಾಯ ಮಾಯಲು ಒಂದೂವರೆ ತಿಂಗಳು ಬೇಕಾಯಿತು.

ಆಮೇಲೆ ಭಯದಲ್ಲಿ ಅವನನ್ನು ಸರಪಳಿಯಲ್ಲಿ ಕಟ್ಟಿಹಾಕಿದೆ. ಅದು ಇನ್ನೊಂದು ತಪ್ಪು. ಎರಡೇ ತಿಂಗಳಲ್ಲಿ ಅವನ ಸ್ವಭಾವ ಬದಲಾಯಿತು. ಮನೆಗೆ ದಿನಾ ಬರುವವರ ಮೇಲೂ ಹಾರತೊಡಗಿದ. ಆಗಲೇ ಹಿತ್ತಲಲ್ಲಿ ಬೇಲಿ ಹಾಕಿ ಅವನಿಗೆಂದೇ ಒಂದು ಅಂಗಳ ಮಾಡಬೇಕು ಅಂತ ನಿರ್ಧರಿಸಿದ್ದು. ಮೊದಲ ಸಲ ಬಿದಿರು, ಅಡಿಕೆ ದಬ್ಬೆ, ಕೋಳಿ ಬಲೆ ಹಾಕಿ ಮೇ ತಿಂಗಳಲ್ಲಿ ಕಟ್ಟಿದೆ. ಜುಲೈ ಹೊತ್ತಿಗೆ ಒಳಗೆಲ್ಲ ಮೊಣಕಾಲುದ್ದ ಕೆಸರು. ಕಂಬದ ಬುಡಕ್ಕೆ ಗೆದ್ದಲು. ಎರಡನೇ ಸಲ ಕಟ್ಟಿದ್ದು ಗಟ್ಟಿಯಾಗಿ ನಿಂತಿದೆ. ಆ ಎರಡನೆಯದರ ಲೆಕ್ಕವನ್ನೇ ಇಲ್ಲಿ ಅಳತೆ ಸಮೇತ ಬರೆಯುತ್ತಿದ್ದೇನೆ.

ಬೇರೆ ಊರಿನವರು ಹೇಳುವ ನಾಯಿ ಅಂಗಳ ಅಂದರೆ ನಾಲ್ಕಡಿ ಬೇಲಿ, ಒಳಗೆ ಹುಲ್ಲು, ಮೇಲೆ ಆಕಾಶ. ಕೊಡಗಿನಲ್ಲಿ ಅದು ನಡೆಯುವುದಿಲ್ಲ. ಮಡಿಕೇರಿ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಇನ್ನು ಚಿರತೆ. ತೋಟದ ಅಂಚಿನಲ್ಲಿ ಓಡಾಡುವ ಚಿರತೆಗೆ ನಾಯಿ ಸುಲಭದ ಊಟ. ಅದು ಹತ್ತು ಅಡಿ ಎತ್ತರಕ್ಕೆ ಸಲೀಸಾಗಿ ಹಾರಬಲ್ಲದು. ಹಾಗಾಗಿ ನಮ್ಮಲ್ಲಿ ಎರಡು ವಿಷಯ ಬಿಟ್ಟುಕೊಡುವ ಹಾಗಿಲ್ಲ. ಕೆಳಗೆ ನೀರು ನಿಲ್ಲಬಾರದು, ಮೇಲೆ ತೆರೆದಿರಬಾರದು. ದುಡ್ಡು ಕಡಿಮೆ ಇದ್ದರೆ ಅಂಗಳ ಚಿಕ್ಕದು ಮಾಡಿ, ಇವೆರಡನ್ನು ಮಾತ್ರ ಬಿಡಬೇಡಿ.

ಯಾವಾಗ ಕಟ್ಟಬೇಕು

ರೊಬಸ್ಟಾ ಕಾಫಿಯ ಕೊಯ್ಲು ಮುಗಿಯುವವರೆಗೆ ಕೆಲಸಕ್ಕೆ ಜನ ಸಿಗುವುದಿಲ್ಲ. ಅದರ ಹಿಂದೆಯೇ ಮೆಣಸು ಕೊಯ್ಲು. ಇವೆರಡರ ಒತ್ತಡ ಇಳಿದ ಮೇಲೆ, ಮಾರ್ಚ್ ಕೊನೆಯಿಂದ ಮೇ ಮೊದಲ ವಾರದೊಳಗೆ ಕೆಲಸ ಮುಗಿಸುವುದು ಒಳ್ಳೆಯದು. ಹೂಮಳೆ, ಅಂದರೆ ಕಾಫಿ ಹೂವರಳಿಸುವ ಬೇಸಿಗೆ ಮಳೆ, ಬಿದ್ದಿದ್ದರೆ ಇನ್ನೂ ಅನುಕೂಲ. ಮಣ್ಣು ಮೆತ್ತಗಾಗಿ ಗುಂಡಿ ತೋಡುವುದು ಸುಲಭ. ಹಾಕಿದ ಕಾಂಕ್ರೀಟಿಗೆ ಮುಂಗಾರಿನ ಮೊದಲು ಗಟ್ಟಿಯಾಗಲು ಸಮಯವೂ ಸಿಗುತ್ತದೆ.

ಜಾಗ ಆರಿಸುವುದು

ಇದಕ್ಕೆ ಒಂದು ದಿನ ಪೂರ್ತಿ ಕೊಡಿ. ಸಾಧ್ಯವಾದರೆ ಹಿಂದಿನ ಮಳೆಗಾಲದಲ್ಲೇ ಕೊಡೆ ಹಿಡಿದು ಹಿತ್ತಲಲ್ಲಿ ನಿಂತು ನೋಡಿ. ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದು ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ.

ಮನೆಯ ಅಡುಗೆಮನೆ ಕಿಟಕಿಯಿಂದ ಕಾಣುವ ಜಾಗ ಸಿಕ್ಕರೆ ಅದನ್ನೇ ಹಿಡಿಯಿರಿ. ನಾಯಿಗೆ ನಿಮ್ಮ ದನಿ ಕೇಳಿಸಬೇಕು. ನಿಮಗೆ ಅದರ ದನಿ ಕೇಳಿಸಬೇಕು. ತೋಟದ ಮೂಲೆಯಲ್ಲಿ ದೂರ ಕಟ್ಟಿದ ಅಂಗಳ ಕೊನೆಗೆ ಜೈಲಾಗುತ್ತದೆ.

ಮರದ ನೆರಳು ಬೇಕು ಅಂತ ಹಲಸಿನ ಮರದ ಕೆಳಗೆ ಕಟ್ಟಲು ಹೋಗಬೇಡಿ. ಹಣ್ಣಿನ ಕಾಲಕ್ಕೆ ಆನೆ ಅಲ್ಲಿಗೇ ಬರುತ್ತದೆ. ಆನೆಯ ಮುಂದೆ ನಮ್ಮ ಯಾವ ಜಾಲರಿಯೂ ನಿಲ್ಲುವುದಿಲ್ಲ. ಸಿಲ್ವರ್ ಓಕ್ ಕೊಂಬೆ ಗಾಳಿಗೆ ಮುರಿದು ಬೀಳುತ್ತದೆ. ಅಂಗಳದ ಮೇಲಕ್ಕೆ ಚಾಚಿದ ಯಾವ ಕೊಂಬೆಯಾದರೂ ಚಿರತೆಗೆ ಮೆಟ್ಟಿಲು. ನೆರಳಿಗೆ ಹಸಿರು ಶೇಡ್ ನೆಟ್ ಸಾಕು. ಪಕ್ಕದಲ್ಲಿ ಕಣಗಿಲೆ, ದತ್ತೂರ ಇದ್ದರೆ ಕಿತ್ತುಬಿಡಿ. ಎರಡೂ ನಾಯಿಗೆ ವಿಷ.

ಸಮತಟ್ಟು ಜಾಗ ಸಿಗಲಿಲ್ಲ ಅಂತ ಗುಡ್ಡದ ಇಳಿಜಾರನ್ನು ಜೆಸಿಬಿಯಲ್ಲಿ ಕಡಿಯಬೇಡಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದನ್ನು ನಾವೆಲ್ಲ ನೋಡಿದ್ದೇವೆ. ಜಾಗ ಸ್ವಲ್ಪ ಇಳಿಜಾರಿದ್ದರೆ ಹಾಗೇ ಇರಲಿ, ನೀರು ಹರಿಯಲು ಅದೇ ಒಳ್ಳೆಯದು. ಬೇಲಿಯನ್ನು ನೆಲದ ಜೊತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರಾಯಿತು.

ದಿಕ್ಕು ಮುಖ್ಯ. ಮುಂಗಾರಿನ ಎರಚಲು ಪಡುವಣದಿಂದ, ನೈಋತ್ಯದಿಂದ ಹೊಡೆಯುತ್ತದೆ. ತಗಡಿನ ಮಾಡು (ಚಾವಣಿ) ಬರುವ ತುದಿ ಪಡುವಣಕ್ಕೆ ಇರಲಿ, ಆ ಬದಿಗೆ ಜಾಲರಿಯ ಮೇಲೆ ತಗಡು ಮುಚ್ಚಿ. ಗೂಡಿನ ಬಾಯಿ ಮೂಡಣಕ್ಕೆ. ಡಿಸೆಂಬರ್ ಚಳಿಯಲ್ಲಿ ಬೆಳಗಿನ ಬಿಸಿಲು ನೇರ ಒಳಗೆ ಬೀಳುತ್ತದೆ.

ಅಳತೆ ಮತ್ತು ಸಾಮಾನು

ನಾಯಿ ಓಡಬೇಕು ಅಂದರೆ ಅಂಗಳ ಉದ್ದವಾಗಿರಬೇಕು. ಒಂದು ಅಥವಾ ಎರಡು ನಡುಗಾತ್ರದ ನಾಯಿಗೆ 20 ಅಡಿ ಉದ್ದ, 10 ಅಡಿ ಅಗಲ ಸಾಕು. ನಾನು ಕೊಡುವ ಲೆಕ್ಕ ಇದೇ ಅಳತೆಗೆ. ಇದರ ಬಾಗಿಲಿನ ಮುಂದೆ ಮೂರೂವರೆ ಅಡಿ ಅಗಲ, ನಾಲ್ಕು ಅಡಿ ಉದ್ದದ ಸಣ್ಣ ಪಡಸಾಲೆ ಬರುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕಂಬಕ್ಕೆ 2 ಇಂಚಿನ ಜಿಐ (ಸತು ಲೇಪದ ಕಬ್ಬಿಣದ) ಪೈಪ್ ತನ್ನಿ. ಪೈಪು ಬರುವುದು 6 ಮೀಟರ್ ಉದ್ದಕ್ಕೆ, ಅಂದರೆ 19 ಅಡಿ 8 ಇಂಚು. ಸರಿಯಾಗಿ ಅರ್ಧಕ್ಕೆ ಕತ್ತರಿಸಿದರೆ 9 ಅಡಿ 10 ಇಂಚಿನ ಎರಡು ಕಂಬ. ಒಂದು ಚೂರೂ ವ್ಯರ್ಥವಾಗುವುದಿಲ್ಲ. 2 ಅಡಿ 10 ಇಂಚು ನೆಲದೊಳಗೆ, 7 ಅಡಿ ಮೇಲೆ. ಏಳು ಅಡಿ ಇದ್ದರೆ ನೀವೂ ಒಳಗೆ ತಲೆ ಬಗ್ಗಿಸದೆ ನಿಂತು ಗುಡಿಸಬಹುದು. ನಮ್ಮ ಮಣ್ಣು ಮಳೆಗಾಲದಲ್ಲಿ ಮೆತ್ತಗಾಗುವುದರಿಂದ ಕಂಬ ಆಳಕ್ಕೆ ಹೋಗುವುದೂ ಒಳ್ಳೆಯದೇ.

ಉದ್ದದ ಎರಡು ಬದಿಗೆ ತಲಾ 4 ಕಂಬ, ನಡುವೆ 6 ಅಡಿ 8 ಇಂಚು ಅಂತರ. ಅಗಲದ ಎರಡು ಬದಿಗೆ ಒಂದೊಂದು. ಪಡಸಾಲೆಗೆ 2. ಒಟ್ಟು 12 ಕಂಬ, 6 ಪೈಪು. ಮಾಡಿನ ಒಂದು ಬದಿ ಎತ್ತರಿಸಲು ಇನ್ನೊಂದು ಪೈಪು. ಅಡ್ಡಪಟ್ಟಿಗೆ, ಮೇಲಿನ ಚೌಕಟ್ಟಿಗೆ, ಎರಡು ಬಾಗಿಲಿಗೆ ಸೇರಿ ಒಂದೂಕಾಲು ಇಂಚಿನ ಪೈಪು ಸುಮಾರು 12 ಬೇಕು.

ಜಾಲರಿ ವಿಷಯದಲ್ಲಿ ಕೋಳಿ ಬಲೆಯನ್ನು ಮರೆತುಬಿಡಿ. ಚೈನ್ ಲಿಂಕ್ (ಹೆಣೆದ ತಂತಿಯ ಜಾಲರಿ) ಅಗ್ಗ, ಆದರೆ ನಾಯಿ ಕಾಲಿಟ್ಟು ಹತ್ತುತ್ತದೆ, ದಿನಾ ಒತ್ತಿದರೆ ಸಡಿಲವಾಗುತ್ತದೆ. ನನ್ನ ಆಯ್ಕೆ 2 ಇಂಚಿನ ಕಣ್ಣಿನ, 10 ಗೇಜಿನ ವೆಲ್ಡ್ ಮೆಶ್ (ತಂತಿ ಬೆಸೆದು ಮಾಡಿದ ಜಾಲರಿ). ಗೇಜಿನ ನಂಬರ್ ಕಡಿಮೆಯಾದಷ್ಟೂ ತಂತಿ ದಪ್ಪ, ಇದನ್ನು ಅಂಗಡಿಯಲ್ಲಿ ನೆನಪಿಟ್ಟುಕೊಳ್ಳಿ. 4 ಅಡಿ ಅಗಲದ್ದು ಸುಮಾರು 190 ಅಡಿ ಬೇಕು. 50 ಅಡಿಯ ಸುರುಳಿಯಾದರೆ 4. ಮರಿಗಳಿದ್ದರೆ ಕೆಳಗಿನ ಸಾಲಿಗೆ 1 ಇಂಚಿನ ಕಣ್ಣು ಹಾಕಿಸಿ. ಕಣ್ಣು ದೊಡ್ಡದಾದರೆ ತಲೆ ತೂರಿಸಿ ಸಿಕ್ಕಿಕೊಳ್ಳುತ್ತವೆ.

ಸಿಮೆಂಟ್ 10 ಮೂಟೆ. ಕಂಬದ ಬುಡಕ್ಕೆ 5, ನೆಲಕ್ಕೆ 5.

ಮೊದಲು ನೀರಿನ ದಾರಿ, ಆಮೇಲೆ ಕಂಬ

ಎಲ್ಲರೂ ಮೊದಲು ಕಂಬ ನೆಡುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಚರಂಡಿ ಆಮೇಲೆ ತೋಡೋಣ ಅಂದುಕೊಂಡರೆ ಅದು ಆಗುವುದೇ ಇಲ್ಲ.

ಅಂಗಳದ ಮೇಲುಬದಿಯಲ್ಲಿ, ಬೇಲಿಯಿಂದ ಮೂರು ಅಡಿ ದೂರಕ್ಕೆ, ಒಂದು ಅಡಿ ಅಗಲ ಒಂದು ಅಡಿ ಆಳದ ಚರಂಡಿ ತೋಡಿ. ಎರಡೂ ತುದಿಯನ್ನು ಅಂಗಳ ದಾಟಿಸಿ ಕೆಳಗೆ ಬಿಡಿ. ಗುಡ್ಡದಿಂದ ಇಳಿಯುವ ನೀರು ಅಂಗಳಕ್ಕೆ ಮುಟ್ಟುವ ಮೊದಲೇ ತಿರುಗಿ ಹೋಗಬೇಕು. ತೋಟದಲ್ಲಿ ತೊಟ್ಟಿಲು ಗುಂಡಿ (ಮಳೆನೀರು ಇಂಗಿಸುವ ಉದ್ದ ಗುಂಡಿ) ತೆಗೆಯುವವರಿಗೆ ಈ ಲೆಕ್ಕ ಹೇಳಿಕೊಡುವುದೇ ಬೇಡ, ಅಲ್ವಾ?

ಕೆಳಬದಿಯಲ್ಲಿ ಒಂದು ಇಂಗುಗುಂಡಿ. ಮೂರು ಅಡಿ ಉದ್ದ, ಅಗಲ, ಆಳ. ಒಳಗೆ ದಪ್ಪ ಕಲ್ಲು, ಮೇಲೆ ಸಣ್ಣ ಜಲ್ಲಿ. ಅಂಗಳ ತೊಳೆದ ನೀರು ಇಲ್ಲಿಗೆ ಬರಬೇಕು. ತೋಡಿಗೂ ಗದ್ದೆಗೂ ಬಿಡಬೇಡಿ. ಬಾವಿಯಿಂದ 50 ಅಡಿಯಾದರೂ ದೂರ ಇರಲಿ.

ಕಂಬ ನೆಡುವುದು

ಹಗ್ಗ ಕಟ್ಟಿ ಗುರುತು ಹಾಕಿ. ಮೂಲೆ ಸರಿಯಿದೆಯಾ ಅಂತ ನೋಡಲು ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಅಳೆಯಿರಿ. ಎರಡೂ ಗುರುತಿನ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ಸರಿ.

ಗುಂಡಿ ಒಂದು ಅಡಿ ಅಗಲ, ಮೂರು ಅಡಿ ಆಳ. ತಳಕ್ಕೆ ಎರಡು ಇಂಚು ಜಲ್ಲಿ ಹಾಕಿ. ಆಮೇಲೆ ಕಂಬ ಇಟ್ಟು ತೂಗುಗುಂಡು ಹಿಡಿದು ನೇರ ಮಾಡಿ. ಕಾಂಕ್ರೀಟ್ ಅಳತೆ 1 ಪಾಲು ಸಿಮೆಂಟ್, 2 ಪಾಲು ಮರಳು, 4 ಪಾಲು ಜಲ್ಲಿ. ಎಂ ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಆದರೂ ನಡೆಯುತ್ತದೆ. ನೀರು ಜಾಸ್ತಿ ಸುರಿದು ಸಾಂಬಾರಿನ ಹಾಗೆ ಮಾಡಿದರೆ ಬಲ ಇರುವುದಿಲ್ಲ. ಕಾಂಕ್ರೀಟನ್ನು ನೆಲಕ್ಕಿಂತ ಎರಡು ಇಂಚು ಮೇಲಕ್ಕೆ ತಂದು, ಕಂಬದ ಸುತ್ತ ಹೊರಕ್ಕೆ ಇಳಿಜಾರಾಗುವಂತೆ ಸವರಿ. ಕಂಬ ತುಕ್ಕು ಹಿಡಿಯುವುದು ಮೊದಲು ಇದೇ ಜಾಗದಲ್ಲಿ. ಪೈಪಿನ ಮೇಲಿನ ಬಾಯಿಗೆ ಮುಚ್ಚಳ ಹಾಕಿಸಿ, ಇಲ್ಲದಿದ್ದರೆ ಒಳಗೆ ನೀರು ತುಂಬುತ್ತದೆ. ಒಂದು ವಾರ ಕಂಬವನ್ನು ಯಾರೂ ಅಲ್ಲಾಡಿಸಬಾರದು. ದಿನಾ ಬುಡಕ್ಕೆ ನೀರು ಹಾಕಿ.

ನೆಲ

ಮೊದಲ ಅಂಗಳದಲ್ಲಿ ನಾನು ಎಡವಿದ್ದು ಇಲ್ಲೇ. ಹುಲ್ಲು ಚೆನ್ನಾಗಿತ್ತು, ಜೂನ್ ಕೊನೆಯವರೆಗೆ. ನಾಯಿ ಒಂದೇ ದಾರಿಯಲ್ಲಿ ಹಿಂದೆ ಮುಂದೆ ಓಡುತ್ತದೆ. ಆ ದಾರಿ ಮೊದಲು ಬೋಳಾಗುತ್ತದೆ, ಆಮೇಲೆ ಕೆಸರಾಗುತ್ತದೆ. ಒದ್ದೆ ಕಾಲಿನ ಬೆರಳ ಸಂದಿಯಲ್ಲಿ ಹುಣ್ಣು. ಜಿಗಣೆಯಂತೂ ಹೇಳುವುದೇ ಬೇಡ.

ಪೂರ್ತಿ ಸಿಮೆಂಟ್ ಮಾಡಿಬಿಡೋಣ ಅಂದರೆ ಅದೂ ಸರಿಯಲ್ಲ. ಇಡೀ ದಿನ ಗಟ್ಟಿ ನೆಲದ ಮೇಲೆ ಮಲಗಿದರೆ ಮೊಣಕೈ ದಡ್ಡುಗಟ್ಟುತ್ತದೆ. ನಾಯಿಗೆ ಕೆರೆಯಲು, ಮೂಸಲು ಏನೂ ಇರುವುದಿಲ್ಲ. ನಾನು ಮಾಡಿದ್ದು ಎರಡನ್ನೂ ಸೇರಿಸಿ.

ಮಾಡಿನ ಕೆಳಗೆ ಬರುವ 8 ಅಡಿಗೆ ಕಾಂಕ್ರೀಟ್. ಕೆಳಗೆ ಆರು ಇಂಚು ಕಲ್ಲು ತುಂಬಿ ಗಟ್ಟಿ ಮಾಡಿ, ಅದರ ಮೇಲೆ 4 ಇಂಚು ದಪ್ಪ. ಅಡಿಗೆ ಕಾಲು ಇಂಚಿನ ಇಳಿಜಾರು ಬೇಕು, ಅಂದರೆ 8 ಅಡಿಗೆ 2 ಇಂಚು. ನೀರಿನ ದಾರಿ ಇಂಗುಗುಂಡಿ ಕಡೆಗೆ. ಮೇಸ್ತ್ರಿ ನುಣ್ಣಗೆ ಸವರಲು ಹೊರಡುತ್ತಾರೆ. 'ಬೇಡ ಅಣ್ಣ, ನಾಯಿ ಜಾರುತ್ತದೆ' ಅಂತ ಹೇಳಿ, ಹಸಿ ಇರುವಾಗಲೇ ಗಟ್ಟಿ ಪೊರಕೆಯಲ್ಲಿ ಗೆರೆ ಎಳೆಸಿ. ಹಸಿ ಸಿಮೆಂಟ್ ನಾಯಿಯ ಪಾದ ಸುಡುತ್ತದೆ. ಎರಡು ವಾರ ನೀರುಣಿಸಿ, ಚೆನ್ನಾಗಿ ತೊಳೆದ ಮೇಲೇ ಒಳಗೆ ಬಿಡಿ.

ಉಳಿದ 12 ಅಡಿಗೆ ಮೇಲ್ಮಣ್ಣು ಎಂಟು ಇಂಚು ತೆಗೆದು, ಕೆಳಗೆ ನಾಲ್ಕು ಇಂಚು ದಪ್ಪ ಜಲ್ಲಿ, ಮೇಲೆ ನಾಲ್ಕು ಇಂಚು ಉರುಟು ಕಲ್ಲು. ಬಟಾಣಿಗಿಂತ ಸ್ವಲ್ಪ ದೊಡ್ಡದಿದ್ದರೆ ಸಾಕು. ಕ್ರಷರ್‌ನಿಂದ ಬರುವ ಚೂಪು ಜಲ್ಲಿ ಮೇಲ್ಪದರಕ್ಕೆ ಬೇಡ, ಪಾದ ಕುಯ್ಯುತ್ತದೆ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಬೇಡಿ, ನೀರು ಇಂಗಬೇಕು. ಒಂದು ಮೂಲೆಯಲ್ಲಿ ಮೂರಡಿ ಜಾಗವನ್ನು ಬರೀ ಮರಳಿಗೆ ಬಿಟ್ಟಿದ್ದೇನೆ. ಕೆಂಚ ಮೂಳೆ ಹೂಳುವುದು ಅಲ್ಲೇ.

ಕಾಫಿ ಸಿಪ್ಪೆಯನ್ನು ಮಾತ್ರ ಹಾಸಬೇಡಿ. ಕಣದ ಪಕ್ಕ ರಾಶಿ ಬಿದ್ದಿರುತ್ತದೆ, ಪುಕ್ಕಟೆ, ಮೆತ್ತಗೆ. ಆದರೆ ಅದರಲ್ಲಿ ಕೆಫೀನ್ ಇದೆ. ನಾಯಿ ತಿಂದರೆ ಎದೆಬಡಿತ ಏರಿ, ನಡುಕ ಬಂದು ಜೀವಕ್ಕೇ ಅಪಾಯ. ಕಾಫಿ ಹಣ್ಣಿಗೂ ಇದೇ ಮಾತು.

ಜಾಲರಿ ಮತ್ತು ಮೇಲಿನ ಮುಚ್ಚಿಗೆ

ನೆಲದಿಂದ ಮೂರು ಅಡಿ ಎತ್ತರಕ್ಕೆ ಒಂದು ಅಡ್ಡಪಟ್ಟಿ, ಏಳು ಅಡಿಗೆ ಇನ್ನೊಂದು. ಕೆಳಗಿನ ಸಾಲಿನ ಜಾಲರಿ 4 ಅಡಿ ಇದೆಯಲ್ಲ, ಅದರಲ್ಲಿ 3 ಅಡಿ ನಿಲ್ಲುತ್ತದೆ, ಉಳಿದ 1 ಅಡಿಯನ್ನು ಅಂಗಳದ ಒಳಕ್ಕೆ ಮಡಚಿ. ಹಾಗಾಗಿ ನೆಲದ ಕೆಲಸಕ್ಕೆ ಮೊದಲೇ ಈ ಸಾಲು ಕೂರಿಸಬೇಕು. ಮಡಚಿದ ಭಾಗ ಒಂದು ಕಡೆ ಕಾಂಕ್ರೀಟಿನೊಳಗೆ, ಇನ್ನೊಂದು ಕಡೆ ಉರುಟು ಕಲ್ಲಿನ ಅಡಿಯಲ್ಲಿ ಹೂತುಹೋಗುತ್ತದೆ. ನಾಯಿ ಬೇಲಿಯ ಬುಡದಲ್ಲೇ ಕೆರೆಯುವುದು. ಜಾಲರಿ ತಗುಲಿದರೆ ನಾಲ್ಕು ದಿನ ನೋಡಿ ಬಿಟ್ಟುಬಿಡುತ್ತದೆ. ಹೊರಗಿನಿಂದ ಹಂದಿ ಮೂತಿ ಹಾಕದಂತೆ ಬೇಲಿಗೆ ತಾಗಿಸಿ ಒಂದು ಸಾಲು ದಪ್ಪ ಕಲ್ಲು ಜೋಡಿಸಿ.

ಜಾಲರಿ ಕಂಬದ ಒಳಬದಿಗೆ ಇರಲಿ. ಹಾಗಿದ್ದರೆ ನಾಯಿ ಒತ್ತಿದಾಗ ಕಂಬಕ್ಕೆ ಆತುಕೊಳ್ಳುತ್ತದೆ, ಕಿತ್ತು ಬರುವುದಿಲ್ಲ. ಬರೀ ಕಟ್ಟುವ ತಂತಿ ನಂಬಬೇಡಿ. ಅರ್ಧ ಅಡಿಗೊಂದು ವೆಲ್ಡಿಂಗ್ ಅಥವಾ ಪಟ್ಟಿ ಕೊಟ್ಟು ಬೋಲ್ಟ್ ಹಾಕಿಸಿ. ವೆಲ್ಡಿಂಗ್ ಮಾಡಿದ ಕಡೆ ಸತುವಿನ ಲೇಪ ಸುಟ್ಟುಹೋಗಿರುತ್ತದೆ. ಅಲ್ಲಿಗೆ ಜಿಂಕ್ ಪ್ರೈಮರ್, ಮೇಲೆ ಎರಡು ಕೋಟ್ ಬಣ್ಣ. ಇದನ್ನು ಬಿಟ್ಟರೆ ಒಂದೇ ಮಳೆಗಾಲಕ್ಕೆ ಕೆಂಪು ನೀರು ಇಳಿಯುತ್ತದೆ.

ಹಾವಿಗಾಗಿ ಕೆಳಗಿನ ಒಂದೂವರೆ ಅಡಿಗೆ ಅರ್ಧ ಇಂಚಿನ ಸಣ್ಣ ಮೆಶ್ ಹೆಚ್ಚುವರಿಯಾಗಿ ಹಾಕಿಸಿ. ದೊಡ್ಡ ನಾಗರ, ಕೊಳಕುಮಂಡಲ ಇದರಲ್ಲಿ ತೂರುವುದಿಲ್ಲ. ಮರಿ ಹಾವು ತೂರಬಹುದು. ಅದಕ್ಕೆ ಇರುವ ಉಪಾಯ ಒಂದೇ. ಸುತ್ತ ಮೂರು ಅಡಿ ಕಳೆ, ಕಸ, ಸೌದೆ ರಾಶಿ ಇರಬಾರದು. ಉಳಿದ ಅನ್ನ ರಾತ್ರಿ ಅಲ್ಲಿ ಬಿಡಬಾರದು. ಅನ್ನಕ್ಕೆ ಇಲಿ, ಇಲಿಗೆ ಹಾವು.

ಮೇಲೆ 20 ಅಡಿಯೂ ಮುಚ್ಚಿರಬೇಕು. ಪಡಸಾಲೆಯ ಮೇಲೂ. ಪಡುವಣ ತುದಿಗೆ ತಗಡಿನ ಮಾಡು, ಉಳಿದ ಕಡೆ ಅದೇ 10 ಗೇಜಿನ ಜಾಲರಿ, ಅದರ ಮೇಲೆ ಬೇಸಿಗೆಯಲ್ಲಿ ಮಾತ್ರ ಶೇಡ್ ನೆಟ್. ಮಾಡಿನ ಒಂದು ಬದಿ ಇನ್ನೊಂದಕ್ಕಿಂತ ಎರಡು ಅಡಿ ಎತ್ತರ ಇರಲಿ, ಸೂರಿನ ನೀರು ಅಂಗಳದ ಹೊರಗೆ ಬೀಳಲಿ. ಎತ್ತರಿಸಿದ ಕಡೆ ಉಳಿಯುವ ಸಂದಿಗೂ ಜಾಲರಿ. ಎಲ್ಲ ಗಟ್ಟಿಯಾಗಿದ್ದು ಈ ಒಂದು ಸಂದಿ ಬಿಟ್ಟರೆ ಪೂರ್ತಿ ಕೆಲಸ ದಂಡ.

ಕೆಲಸ ಮುಗಿದ ದಿನ ಒಂದು ಆಯಸ್ಕಾಂತಕ್ಕೆ ದಾರ ಕಟ್ಟಿ ಇಡೀ ನೆಲದ ಮೇಲೆ ಎಳೆಯಿರಿ. ತಂತಿ ಚೂರು, ನಟ್ಟು, ವಾಷರ್ ಎಲ್ಲ ಸಿಗುತ್ತವೆ. ಸತು ಲೇಪದ ಚೂರನ್ನು ನಾಯಿ ನುಂಗಿದರೆ ಹೊಟ್ಟೆಯಲ್ಲಿ ಕರಗಿ ರಕ್ತಕ್ಕೆ ವಿಷವಾಗುತ್ತದೆ.

ಎರಡು ಬಾಗಿಲು

ಪಡಸಾಲೆ ಯಾಕೆ ಅಂದರೆ, ನಾಯಿ ತಪ್ಪಿಸಿಕೊಳ್ಳುವುದು ಬಾಗಿಲು ತೆಗೆದ ಆ ಒಂದು ಗಳಿಗೆಯಲ್ಲಿ. ಕೈಯಲ್ಲಿ ಅನ್ನದ ತಟ್ಟೆ ಇರುತ್ತದೆ, ಕಾಲ ಸಂದಿಯಲ್ಲಿ ಓಡಿಬಿಡುತ್ತದೆ. ಹೊರಬಾಗಿಲು ತೆಗೆದು ಒಳಗೆ ಬಂದು, ಅದನ್ನು ಹಾಕಿ, ಆಮೇಲೆ ಒಳಬಾಗಿಲು ತೆಗೆಯುವ ಅಭ್ಯಾಸ ಮನೆಯವರಿಗೆಲ್ಲ ಆಗಬೇಕು. ಒಳಬಾಗಿಲು ಒಳಕ್ಕೆ ತೆರೆಯಲಿ, ನಾಯಿ ನೂಕಿದರೆ ಇನ್ನೂ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಹೊರಬಾಗಿಲು ಹೊರಕ್ಕೆ. ಅಗಳಿ ಎರಡೂ ಕಡೆಯಿಂದ ತೆಗೆಯುವಂತಿರಲಿ, ಇಲ್ಲದಿದ್ದರೆ ಒಂದು ದಿನ ನೀವೇ ಒಳಗೆ ಸಿಕ್ಕಿಕೊಳ್ಳುತ್ತೀರಿ.

ಗೂಡು ಮತ್ತು ರಾತ್ರಿಯ ಮಾತು

ಗೂಡು ದೊಡ್ಡದಾಗಬೇಕಿಲ್ಲ. ನಾಯಿ ನಿಂತು, ಸುತ್ತು ತಿರುಗಿ, ಕಾಲು ಚಾಚಿ ಮಲಗುವಷ್ಟಿರಲಿ. ಜಾಸ್ತಿ ದೊಡ್ಡದಾದರೆ ಅದರ ಮೈಬಿಸಿ ನಿಲ್ಲುವುದಿಲ್ಲ. ನೆಲದಿಂದ ಒಂಬತ್ತು ಇಂಚು ಎತ್ತರಿಸಿ. ತಗಡಿನ ಮಾಡಿನ ಕೆಳಗೆ ಗೂಡಿಗೆ ಬೇರೆಯೇ ಹಲಗೆಯ ಮುಚ್ಚಿಗೆ ಇದ್ದರೆ ಮಳೆಯ ಸದ್ದು ಕಡಿಮೆ ಕೇಳುತ್ತದೆ. ಜುಲೈ ರಾತ್ರಿ ತಗಡಿನ ಮೇಲೆ ಬೀಳುವ ಮಳೆಗೆ ನಾಯಿಗಳು ನಿಜಕ್ಕೂ ಹೆದರುತ್ತವೆ. ಹಲಗೆಗೆ ಗೆದ್ದಲು ಬಾರದಂತೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯುವುದು ಹಳೇ ರೂಢಿ. ಅದು ಚರ್ಮ, ಬಾಯಿ ಎರಡನ್ನೂ ಸುಡುತ್ತದೆ. ನಾಯಿ ಕಚ್ಚುವ, ನೆಕ್ಕುವ ಜಾಗಕ್ಕೆ ತಾಗಿಸಬೇಡಿ.

ಹಾಸಿಗೆಗೆ ಗೋಣಿಚೀಲ ಮಳೆಗಾಲದಲ್ಲಿ ಒಣಗುವುದೇ ಇಲ್ಲ, ಬೂಷ್ಟು ಹಿಡಿಯುತ್ತದೆ. ಸಣ್ಣ ನವಾರು ಮಂಚ ಮಾಡಿಸಿ. ಕೆಳಗೆ ಗಾಳಿ ಆಡುತ್ತದೆ, ತೊಳೆದರೆ ಬೇಗ ಒಣಗುತ್ತದೆ.

ಈಗ ಕಷ್ಟದ ಮಾತು. ಇಷ್ಟೆಲ್ಲ ಕಟ್ಟಿದ ಮೇಲೂ ರಾತ್ರಿ ನಾಯಿಯನ್ನು ಅಂಗಳದಲ್ಲಿ ಬಿಡಬೇಡಿ. ಜಾಲರಿ ಚಿರತೆಯನ್ನು ಹೊರಗಿಡುತ್ತದೆ. ಆದರೆ ಹೊರಗೆ ಅದು ಸುತ್ತುತ್ತಿದ್ದರೆ ಒಳಗಿರುವ ನಾಯಿ ಹುಚ್ಚೆದ್ದು ಜಾಲರಿಗೆ ಬಡಿದುಕೊಳ್ಳುತ್ತದೆ. ಉಗುರು ತಾಗುವಷ್ಟು ಹತ್ತಿರವೂ ಹೋಗುತ್ತದೆ. ಕತ್ತಲಾಗುವ ಮೊದಲು ಮನೆಯೊಳಗೆ ಕರೆದುಕೊಳ್ಳಿ. ಅದು ಆಗದಿದ್ದರೆ ಗೂಡಿನ ಬದಲು ಇಟ್ಟಿಗೆ ಗೋಡೆಯ, ಗಟ್ಟಿ ಬಾಗಿಲಿನ ಸಣ್ಣ ಕೋಣೆಯನ್ನೇ ಕಟ್ಟಿ, ಗಾಳಿಗೆ ಕಿಂಡಿ ಬಿಟ್ಟು ರಾತ್ರಿ ಬಾಗಿಲು ಹಾಕಿ. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ ಕದಿರು ತೆಗೆಯುವಾಗ ಗುಂಡು, ಪಟಾಕಿ ಇರುತ್ತವೆ. ಆ ಹೊತ್ತಿಗಂತೂ ಮನೆಯೊಳಗೇ, ಯಾರಾದರೂ ಜೊತೆಗೆ.

ಉಣ್ಣೆ, ಇಲಿಜ್ವರ, ಮೈಲುತುತ್ತ

ಉಣ್ಣೆ ನಾಯಿಯಿಂದ ಇಳಿದು ಗೋಡೆ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಬಿರುಕಿಗೆ ಸಿಮೆಂಟ್ ತುಂಬಿ, ವರ್ಷಕ್ಕೆರಡು ಸಲ ಸುಣ್ಣ ಬಳಿಯಿರಿ. ನಾಯಿಯ ಮೈಗೆ ಯಾವ ಔಷಧಿ ಅನ್ನುವುದನ್ನು ಪಶುವೈದ್ಯರೇ ಹೇಳಲಿ. ಮಳೆಗಾಲಕ್ಕೆ ಮೊದಲು ಇಲಿಜ್ವರದ ಲಸಿಕೆ ಆಗಿದೆಯಾ ನೋಡಿ. ಇಲಿಯ ಮೂತ್ರ ಸೇರಿದ ನಿಂತ ನೀರಿನಿಂದ ಅದು ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ರೇಬಿಸ್ ಲಸಿಕೆ ವರ್ಷ ವರ್ಷ ತಪ್ಪಬಾರದು. ಕುಡಿಯುವ ನೀರು ದಿನಾ ಬದಲಿಸಿ. ಭಾರದ ಕಲ್ಲಿನ ಬಾನಿ ಇಟ್ಟರೆ ಮಗುಚುವುದಿಲ್ಲ.

ಕಾಫಿಗೆ, ಮೆಣಸಿಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ದಿನ ಮೈಲುತುತ್ತ ಕಲಸಿದ ಡ್ರಮ್ಮನ್ನು ಅಂಗಳದ ಹತ್ತಿರ ತೊಳೆಯಬೇಡಿ. ಆ ನೀರನ್ನು ನಾಯಿ ನೆಕ್ಕಿದರೆ ವಿಷ.

ಒಳಗೆ ಬಿಡುವುದು

ಮೊದಲ ದಿನವೇ ನೂಕಿ ಬಾಗಿಲು ಹಾಕಿ ಹೋಗಬೇಡಿ. ಎರಡು ದಿನ ಬಾಗಿಲು ತೆರೆದೇ ಇಟ್ಟು ಒಳಗೆ ಊಟ ಹಾಕಿ. ಮೂರನೇ ದಿನ ನೀವೂ ಒಳಗೆ ಕುಳಿತು ಬಾಗಿಲು ಹಾಕಿಕೊಳ್ಳಿ. ಒಂದು ಕಾಫಿ ಕುಡಿಯುವಷ್ಟು ಹೊತ್ತು ಸಾಕು. ಆಮೇಲೆ ಐದು ನಿಮಿಷ ಹೊರಗೆ ಹೋಗಿ ಬನ್ನಿ. ಅತ್ತರೆ ಅಳು ನಿಂತ ಮೇಲೆ ತೆಗೆಯಿರಿ, ಅಳುತ್ತಿರುವಾಗ ಅಲ್ಲ. ದಿನಕ್ಕೆ ನಾಲ್ಕೈದು ಗಂಟೆಗಿಂತ ಜಾಸ್ತಿ ಬೇಡ. ಬೆಳಿಗ್ಗೆ, ಸಂಜೆ ಹಗ್ಗ ಹಿಡಿದು ಸುತ್ತಾಡಿಸುವುದನ್ನು ಅಂಗಳ ಬಂತು ಅಂತ ನಿಲ್ಲಿಸಬೇಡಿ.

ಕೆಂಚನಿಗೆ ಹೊಂದಿಕೊಳ್ಳಲು ಒಂಬತ್ತು ದಿನ ಹಿಡಿಯಿತು. ಹತ್ತನೇ ದಿನ ಬೆಳಿಗ್ಗೆ ನಾನು ಹೊರಬಾಗಿಲು ತೆಗೆದಾಗ ನನ್ನನ್ನು ದಾಟಿಕೊಂಡು ಅವನೇ ಮೊದಲು ಒಳಗೆ ಹೋದ. ನೇರ ಮರಳಿನ ಮೂಲೆಗೆ, ಹಿಂದಿನ ದಿನ ಹೂತಿಟ್ಟ ಮೂಳೆ ಹುಡುಕಲು.